ವರದಿ ಬರುವ ತನಕ ಮಾದಪ್ಪನ ನೆನೆಯಿರಿ



ಮಾದಪ್ಪನ ಸನ್ನಿಧಿಗೆ ಬರುವವರೆಲ್ಲರೂ ಸಂತೋಷಕ್ಕೇ ಬಂದಿರುವುದಿಲ್ಲ. ಸೇವಾ ರಸೀದಿ ಬರೆಸುವಾಗ ಕೆಲವರು ಮೆಲ್ಲಗೆ, "ಸ್ವಾಮಿ, ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾರೆ. ಆ ಕಾಯಿಲೆ ಅಂತ ಬರಬಾರದು. ಯಾವ ಸೇವೆ ಮಾಡಿಸಲಿ?" ಅನ್ನುತ್ತಾರೆ. ಕ್ಯಾನ್ಸರ್ ಎಂಬ ಹೆಸರು ಹೇಳಲೂ ಅಂಜಿಕೆ. ಅಂಥವರಿಗಾಗಿ ಈ ನಾಲ್ಕು ಮಾತು.

ಸಂಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ಗಂಡ ನೀಲೇಗೌಡ ಅನುಮಾನಪಟ್ಟು ಹಿಂಸಿಸಿ, ಕಾಡಿನ ಗುಡಿಸಲಿನಲ್ಲಿ ಆಕೆಯೊಬ್ಬಳನ್ನೇ ಕೂಡಿಹಾಕಿ ಬೇಟೆಗೆ ಹೋದ. ಮುಂದೇನೆಂದು ಆ ತಾಯಿಗೆ ತಿಳಿಯದು. ಓಡುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಆದರೂ ಸಂಕಟವನ್ನು ಒಳಗೇ ನುಂಗಿಕೊಂಡು ಕೂರಲಿಲ್ಲ. ಬಾಯಿಬಿಟ್ಟು ಮಾದಪ್ಪನನ್ನು ಕೂಗಿದಳು. ಸ್ವಾಮಿ ಬಂದು ಆಕೆಯನ್ನು ಬಿಡಿಸಿದ.

ವರದಿಗೆ ಕಾಯುವವರ ಪಾಡೂ ಹೀಗೇ. ಮನೆಯವರು ಗಾಬರಿಯಾಗುತ್ತಾರೆಂದು ಮುಚ್ಚಿಟ್ಟುಕೊಂಡು ರಾತ್ರಿಯೆಲ್ಲ ಹೊರಳಾಡಬೇಡಿ. ದೇವರ ಮುಂದೆ ಹೇಳಿಕೊಂಡದ್ದನ್ನು ಮನೆಯಲ್ಲಿ ಒಬ್ಬರ ಹತ್ತಿರವಾದರೂ ಹೇಳಿ.

ವರದಿ ಬರುವುದು ತಡವಾಯಿತು, ಕೆಟ್ಟದ್ದೇ ಇರಬೇಕು ಎಂದು ಲೆಕ್ಕ ಹಾಕಬೇಡಿ. ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಗಟ್ಟಿಮಾಡಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಕೆಲವು ದಿನ ಬೇಕೇ ಬೇಕು. ಮತ್ತೊಂದು ಪರೀಕ್ಷೆ ಬೇಕಾದರೆ ಇನ್ನೂ ತಡವಾದೀತು. ಸೂಜಿ ಚುಚ್ಚಿದರೆ ಗಂಟು ಕೆರಳಿ ಹರಡುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಹೆಂಗಸರ ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷೆಯಿಲ್ಲದೆ ಯಾವುದು ಏನೆಂದು ಹೇಳಲಾಗದು.

ಇನ್ನು ಪ್ರಾರ್ಥನೆ. ಒಳ್ಳೆಯ ವರದಿ ಬರಲಿ ಎಂದು ಬೇಡುವುದು ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲಿಸದೆ, "ಏನೇ ಬಂದರೂ ಹೋಗಿ ತಗೊಳ್ಳುವ ಧೈರ್ಯ ಕೊಡಪ್ಪ" ಎಂದೂ ಬೇಡಿ. ಕೆಲವರು ಹರಕೆ ಹೊತ್ತ ಮೇಲೆ ವರದಿ ತರಲು ಹೋಗುವುದೇ ಇಲ್ಲ. ಅದು ಭಕ್ತಿಯಲ್ಲ, ಭಯ. ಕಾಯಿಲೆ ಇಲ್ಲದಿದ್ದರೆ ಸುಮ್ಮನೆ ಕೊರಗಿದಂತಾಯಿತು. ಇದ್ದರೆ ಚಿಕಿತ್ಸೆಯ ದಿನಗಳು ಕೈತಪ್ಪಿದಂತಾಯಿತು. ಬೇಗ ಪತ್ತೆಯಾದ ಎಷ್ಟೋ ಕ್ಯಾನ್ಸರ್‌ಗಳು ಗುಣವಾಗುತ್ತವೆ.

ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತುವವರು 77 ಮಲೆಯನ್ನೂ ಒಂದೇ ಸಲ ಎಣಿಸುವುದಿಲ್ಲ. ಉಘೇ ಎಂದು ಮುಂದಿನ ತಿರುವಿನ ತನಕ ನಡೆಯುತ್ತಾರೆ, ದಣಿವಾರಿಸಿಕೊಳ್ಳುತ್ತಾರೆ, ಮತ್ತೆ ನಡೆಯುತ್ತಾರೆ. ಹಾಗೆಯೇ ಇವತ್ತಿನ ದಿನವನ್ನು ಮಾತ್ರ ನೋಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕೈಲಾದ ಕೆಲಸ ಮಾಡಿ. ಹರಕೆಯೆಂದು ಈಗ ಉಪವಾಸ ಬೇಡ, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವುದೂ ಬೇಡ. ರಾತ್ರಿ ನಿದ್ದೆ ಬಾರದಿದ್ದರೆ ಡಾಕ್ಟರನ್ನು ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದಿಟ್ಟು, ಸ್ವಾಮಿಯ ಹೆಸರು ಹೇಳುತ್ತಾ ಮಲಗಿ. ವರದಿ ತರುವ ದಿನ ಒಬ್ಬರೇ ಹೋಗದೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಮುಡಿ, ಉರುಳುಸೇವೆ, ಹುಲಿವಾಹನ ಯಾವ ಹರಕೆಯಾದರೂ ಆಮೇಲೆ ನಿಧಾನವಾಗಿ ತೀರಿಸಬಹುದು. ಮಾದಪ್ಪ ಕಾಯುತ್ತಾನೆ, ಕಾಯಿಲೆ ಕಾಯುವುದಿಲ್ಲ. ಆದ್ದರಿಂದ ಮೊದಲು ಆಸ್ಪತ್ರೆಯ ಕೆಲಸ ಮುಗಿಸಿ.

ಕಾಯುತ್ತಿರುವ ಎಲ್ಲರಿಗೂ ಸ್ವಾಮಿಯು ಆರೋಗ್ಯ, ಧೈರ್ಯ ಎರಡನ್ನೂ ಕರುಣಿಸಲಿ.

ಉಘೇ ಮಾದಪ್ಪ! ಉಘೇ ಉಘೇ!