ದವಾಖಾನೆಗೆ ಕೊಡುವವರು ಏನು ಕೊಡಬೇಕು?



ಬಡ ಹಳ್ಳಿಯ ದವಾಖಾನೆಯೊಂದಕ್ಕೆ ನೆರವಾಗಬೇಕೆಂದು ನೀವು ಸಂಕಲ್ಪ ಮಾಡಿದ್ದೀರಿ ಎಂದಿಟ್ಟುಕೊಳ್ಳೋಣ. ಅಲ್ಲಾಹನು ನಿಮ್ಮ ಕೈಯಲ್ಲಿ ಒಂದಿಷ್ಟು ಹಣವನ್ನೂ ಇಟ್ಟಿದ್ದಾನೆ. ಈಗ ಏನು ಕೊಡುವಿರಿ? ಬಹುಶಃ ಮೊದಲು ಹೊಳೆಯುವುದು ಒಂದು ಕೋಣೆ, ಅದರ ಗೋಡೆಯಲ್ಲಿ ತೀರಿಹೋದ ತಂದೆಯ ಹೆಸರು ಕೆತ್ತಿದ ಒಂದು ಕಲ್ಲು. ಹೆಸರು ಹಾಕಿಸುವುದು ತಪ್ಪೆಂದು ನಾನು ಹೇಳಲಾರೆ. ಬಹಿರಂಗ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಮುಟ್ಟಿಸಿದರೆ ಇನ್ನೂ ಉತ್ತಮ ಎಂಬುದು ಅಲ್ ಬಕರಃ ಅಧ್ಯಾಯದ 271ನೇ ಸೂಕ್ತದ ಆಶಯ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಕೋಣೆ ಎದ್ದು ನಿಂತ ಮೇಲೆ ಅದರೊಳಗೆ ಯಾರಿರುತ್ತಾರೆ? ಔಷಧಿಯ ಕಪಾಟಿನಲ್ಲಿ ಏನಿರುತ್ತದೆ?

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೊಮ್ಮೆ ಕಣ್ಣು ಹಾಯಿಸಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿವೆ. ಮುಧೋಳ, ಜಮಖಂಡಿಗಳಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆಗಳಿವೆ. ಬೀಳಗಿ ತಾಲೂಕಿನ ಅದೆಷ್ಟೋ ಕುಟುಂಬಗಳು ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಹೊಸ ಊರುಗಳಲ್ಲಿ ಬದುಕು ಕಟ್ಟಿಕೊಂಡಿವೆ. ನೇಕಾರನಿಗೆ ನೇಯ್ದಷ್ಟೇ ಕೂಲಿ. ಆತ ದವಾಖಾನೆಯ ಸಾಲಿನಲ್ಲಿ ನಿಂತ ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. ಅಷ್ಟಾದ ಮೇಲೆ ಬಿಪಿ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ಖಾಲಿಯಾಗಿದೆ, ಮುಂದಿನ ವಾರ ಬಾ ಎಂದರೆ ಆತ ಮತ್ತೆ ಬರುತ್ತಾನೆಯೇ? ಇವು ದಿನವೂ ಗುಳಿಗೆ ಬೇಡುವ ಕಾಯಿಲೆಗಳು. ಗುಳಿಗೆ ತಪ್ಪಿದವನು ಕೆಲವು ವರ್ಷಗಳಲ್ಲಿ ಮೂತ್ರಪಿಂಡ ಕೆಟ್ಟೋ, ಪಾರ್ಶ್ವವಾಯು ಬಡಿದೋ ಮಲಗುತ್ತಾನೆ. ಆಗ ಮನೆಯ ಒಡವೆ ಮಾರಿದರೂ ಸಾಲುವುದಿಲ್ಲ. ತಿಂಗಳ ಗುಳಿಗೆಗೆ ಹಣ ಕೊಟ್ಟವರ ಹೆಸರನ್ನು ಯಾವ ಗೋಡೆಯ ಮೇಲೂ ಬರೆಯಲಾಗದು. ಅದಕ್ಕೆ ಕೊಡುವವರು ಕಡಿಮೆ.

ನಮ್ಮ ಹಿರಿಯರಿಗೆ ಈ ವಿಚಾರ ಗೊತ್ತಿತ್ತು. ಅದನ್ನರಿಯಲು ಡಮಾಸ್ಕಸ್, ಕೈರೋಗಳವರೆಗೆ ಹೋಗಬೇಕಾಗಿಲ್ಲ, ನಮ್ಮ ಬೀದರ್ ಸಾಕು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾ ಅಲ್ಲೊಂದು ದಾರುಶ್ಶಿಫಾ ಕಟ್ಟಿಸಿದನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಸುಲ್ತಾನನು ಕಟ್ಟಡಕ್ಕೆ ಸುಮ್ಮನಾಗಲಿಲ್ಲ. ರೋಗಿಗಳ ಔಷಧಿ ಮತ್ತು ಆಹಾರದ ಖರ್ಚಿಗೆಂದು ಹಳ್ಳಿಗಳ ಆದಾಯವನ್ನೇ ವಕ್ಫ್ ಮಾಡಿದನು. ಮುಸ್ಲಿಂ ಹಕೀಮರ ಜೊತೆಗೆ ಹಿಂದೂ ವೈದ್ಯರನ್ನೂ ನೇಮಿಸಿದನು. ಕಟ್ಟಿಸುವುದು ಒಮ್ಮೆಯ ಖರ್ಚು, ನಡೆಸುವುದು ಪ್ರತಿದಿನದ ಖರ್ಚು ಎಂಬುದು ಆ ಕಾಲದವರಿಗೇ ತಿಳಿದಿತ್ತು. ಸದಕಾ ಜಾರಿಯಾ ಎಂಬ ಮಾತನ್ನು ನಾವು ಸದಾ ಆಡುತ್ತೇವೆ. ಜಾರಿಯಾ ಎಂದರೆ ಹರಿಯುತ್ತಿರುವುದು. ಬೀಗ ಹಾಕಿದ ಕೋಣೆಯಲ್ಲಿ ಏನು ಹರಿದೀತು?

ಇನ್ನು ಕೊಡುವ ವಸ್ತುವಿನ ವಿಷಯ. ಕಣ್ಣು ಮುಚ್ಚಿಕೊಂಡಲ್ಲದೆ ನೀವು ಸ್ವತಃ ಸ್ವೀಕರಿಸಲಾರದ ಕೀಳು ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂದು ಅದೇ ಅಧ್ಯಾಯದ 267ನೇ ಸೂಕ್ತ ಎಚ್ಚರಿಸುತ್ತದೆ. ಅವಧಿ ಮುಗಿಯಲು ಹದಿನೈದು ದಿನ ಉಳಿದಿರುವ ಔಷಧಿಯ ಪೆಟ್ಟಿಗೆ, ಪಟ್ಟಣದ ಕ್ಲಿನಿಕ್ಕಿನಲ್ಲಿ ಕೆಟ್ಟು ಮೂಲೆ ಸೇರಿದ್ದ ಬಿಪಿ ಯಂತ್ರ, ಇವೆಲ್ಲ ಯಾವ ಸಾಲಿಗೆ ಸೇರುತ್ತವೆಂದು ನೀವೇ ತೀರ್ಮಾನಿಸಿ. ನಿಮ್ಮ ಮಗಳಿಗೆ ಜ್ವರ ಬಂದರೆ ಆ ಪೆಟ್ಟಿಗೆಯಿಂದ ಗುಳಿಗೆ ತೆಗೆದು ಕೊಡುವಿರಾ?

ಕೆಲವರು ಕೇಳುತ್ತಾರೆ: ಸರಕಾರಿ ದವಾಖಾನೆಗೆ ಎಲ್ಲ ಧರ್ಮದವರೂ ಬರುತ್ತಾರಲ್ಲ, ನಮ್ಮ ಸದಕಾ ಅಲ್ಲಿಗೇಕೆ? ಮುಸ್ಲಿಮೇತರ ಬಂಧುಗಳಿಗೆ ನೆರವಾಗಲು ಕೆಲವು ಸಹಾಬಿಗಳು ಹಿಂಜರಿದಾಗ 272ನೇ ಸೂಕ್ತ ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಜನರನ್ನು ಸನ್ಮಾರ್ಗಕ್ಕೆ ತರುವುದು ಅಲ್ಲಾಹನ ಕೆಲಸ, ಖರ್ಚು ಮಾಡುವುದು ನಮ್ಮ ಕೆಲಸ. ಅಲ್ಲದೆ, ದೊಡ್ಡ ಕಾಯಿಲೆ ಬಂದರೆ ಮಿರಜಕ್ಕೆ ಹೋಗುವುದು ಈ ಭಾಗದ ಹಳೆಯ ರೂಢಿ. ಅಲ್ಲಿ ಕ್ರೈಸ್ತ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಸ್ಥಾಪಿಸಿದ ಆಸ್ಪತ್ರೆಯ ಮಂಚದ ಮೇಲೆ ನಮ್ಮವರೂ ಮಲಗಿ ಎದ್ದು ಬಂದಿದ್ದಾರೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಎಚ್‌ಐವಿ ಸೋಂಕು ಕಂಡುಬಂದಿತ್ತು. ಆ ಕಾಯಿಲೆಯವರು ಕೂರುವ ಬೆಂಚಿಗೆ ನಮ್ಮ ಹಣವೇಕೆ, ಅದು ಅವರ ನಡತೆಯ ಫಲವಲ್ಲವೇ ಎಂದು ಗೊಣಗುವ ದಾನಿಗಳಿದ್ದಾರೆ. ಗಂಡನಿಂದ ಸೋಂಕು ತಗುಲಿಸಿಕೊಂಡ ಹೆಂಡತಿಯ, ತಾಯಿಯಿಂದ ಪಡೆದ ಕೂಸಿನ ನಡತೆ ಯಾವುದು? ಅದೂ ಇರಲಿ, ನಡತೆ ಕೆಟ್ಟವರೇ ಆಗಿರಲಿ. ರಾತ್ರಿ ವೇಳೆ ಸದಕಾ ಕೊಟ್ಟ ಒಬ್ಬ ವ್ಯಕ್ತಿಯ ಕತೆಯನ್ನು ಪ್ರವಾದಿವರ್ಯರು(ಸ) ಹೇಳಿರುವುದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಆತನ ದಾನ ಒಂದು ರಾತ್ರಿ ಕಳ್ಳನ ಕೈ ಸೇರಿತು, ಇನ್ನೊಂದು ರಾತ್ರಿ ವ್ಯಭಿಚಾರಿಣಿಯ ಕೈ, ಮತ್ತೊಂದು ರಾತ್ರಿ ಧನಿಕನ ಕೈ. ಜನ ಆಡಿಕೊಂಡರು. ಆದರೆ ಅದರಿಂದ ಅವರು ತಿದ್ದಿಕೊಳ್ಳಬಹುದೆಂಬ ಸಮಾಧಾನದ ಮಾತು ಆತನಿಗೆ ಸಿಕ್ಕಿತು. ಹೀಗಿರುವಾಗ ದವಾಖಾನೆಯ ಬಾಗಿಲಲ್ಲಿ ನಿಂತು ರೋಗಿಗಳ ಚಾರಿತ್ರ್ಯ ವಿಚಾರಿಸುವ ಅಧಿಕಾರ ದಾನಿಗೆ ಎಲ್ಲಿಂದ ಬಂತು? ಗುಳಿಗೆ ಪಡೆಯುತ್ತಿರುವವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದಂತೂ 264ನೇ ಸೂಕ್ತವನ್ನು ಓದಿದವರು ಮಾಡುವ ಕೆಲಸವಲ್ಲ. ಉಪಕಾರ ಎತ್ತಿ ಆಡಿ, ನೋಯಿಸಿ, ದಾನವನ್ನು ವ್ಯರ್ಥಗೊಳಿಸಬೇಡಿ ಎಂಬುದು ಅದರ ತಾತ್ಪರ್ಯ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ಮೊದಲು ಹೋಗಿ ವೈದ್ಯರನ್ನೂ ನರ್ಸನ್ನೂ ಕೇಳಿ. ಲಸಿಕೆಯ ಫ್ರಿಜ್ಜಿಗೆ ಇನ್ವರ್ಟರ್ ಬ್ಯಾಟರಿ ಬೇಕಾಗಿರಬಹುದು, ಹೆರಿಗೆಗೆ ಬಂದ ಹೆಂಗಸರಿಗೆ ನೀರು ಬರುವ ಶೌಚಾಲಯ ಬೇಕಾಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ದೇಣಿಗೆಯನ್ನು ಅದಕ್ಕೆ ಕೊಟ್ಟು ರಸೀದಿ ಪಡೆಯಿರಿ, ಲೆಕ್ಕವನ್ನೂ ಕೇಳಿ. ಝಕಾತಿನ ಹಣವನ್ನು ಕಟ್ಟಡಕ್ಕೆ ಹಾಕುವುದನ್ನು ಹೆಚ್ಚಿನ ಫುಕಹಾಗಳು ಒಪ್ಪುವುದಿಲ್ಲ. ಅದು ಹಕ್ಕುದಾರನಾದ ಬಡ ರೋಗಿಯ ಕೈಗೇ ಸೇರಲಿ, ಔಷಧಿಯನ್ನು ಆತನೇ ಕೊಳ್ಳಲಿ. ಉಳಿದದ್ದಕ್ಕೆ ಸದಕಾ ಇದೆ, ವಕ್ಫ್ ಇದೆ. ಜಮಾಅತಿನ ಹತ್ತು ಮಂದಿ ಕೂಡಿ ಸಂತೆಬೀದಿಯಲ್ಲಿ ಒಂದೇ ಒಂದು ಅಂಗಡಿಯನ್ನು ಹೊಸದಾಗಿ ಕೊಂಡು, ಅದರ ಬಾಡಿಗೆ ಇಂಥ ಊರಿನ ರೋಗಿಗಳ ಔಷಧಿಗೆ ಎಂದು ಬರೆದು ವಕ್ಫ್ ಮಾಡಿದರೆ, ಆ ಕಪಾಟು ತಿಂಗಳು ತಿಂಗಳು ತುಂಬುತ್ತಿರುತ್ತದೆ.