ಮಕ್ಕಳು ಕಟ್ಟಿದ ಹಾಡಿಗೆ ಒಡೆಯರಾರು?

ಪರರು ರಚಿಸಿದ ಹಾಡನ್ನು ಕಲಿತು ಹಾಡುವುದು ಒಂದು. ತಾನೇ ಹಾಡು ಕಟ್ಟಿ ನಾಲ್ವರ ಮುಂದೆ ನಿಂತು ಹಾಡುವುದು ಮತ್ತೊಂದು. ಮೊದಲನೆಯದನ್ನು ಮಕ್ಕಳಿಗೆ ಕಲಿಸಬೇಕೆಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಶಾಲೆಯ ಪ್ರಾರ್ಥನೆ, ನಾಡಗೀತೆ, ಮಠದ ಅಂಗಳದಲ್ಲಿ ನಡೆಯುವ ವಚನಗಾಯನ, ಇವುಗಳಿಂದ ಮಕ್ಕಳ ಕಂಠವೂ ಮನಸ್ಸೂ ಸಂಸ್ಕಾರಗೊಳ್ಳುತ್ತವೆ. ಎರಡನೆಯದರ ವಿಷಯದಲ್ಲಿ ಮಾತ್ರ ಹಿರಿಯರು ಹಿಂದೆಮುಂದೆ ನೋಡುತ್ತಾರೆ. ಅವರ ಸಂದೇಹಗಳು ಮುಖ್ಯವಾಗಿ ಮೂರು. ಸ್ವರ-ತಾಳಗಳ ಜ್ಞಾನವಿಲ್ಲದ ಬಾಲಕರು ಕಟ್ಟಿದ್ದು ಸಂಗೀತವೆನಿಸೀತೆ ಎಂಬುದು ಮೊದಲನೆಯದು. ಹಿರಿಯರ ಅಮೂಲ್ಯ ವಾಣಿ ಭಂಡಾರವಾಗಿ ಇರುವಾಗ ಮಕ್ಕಳ ತೊದಲುನುಡಿಗೆ ಹೊತ್ತು ಕಳೆಯಬೇಕೆ ಎಂಬುದು ಎರಡನೆಯದು. 'ಇದು ನಾನು ಮಾಡಿದ್ದು' ಎಂಬ ಭಾವ ಬಾಲ್ಯದಲ್ಲಿಯೇ ಬೇರೂರಿದರೆ ಅದು ಅಹಂಕಾರವಾಗಿ ಬೆಳೆಯದೆ ಇದ್ದೀತೆ ಎಂಬುದು ಮೂರನೆಯದು. ಮೂರೂ ವಿಚಾರಾರ್ಹವಾದುವೇ, ಮೂರನೆಯದಂತೂ ಧರ್ಮದ ಮರ್ಮಕ್ಕೇ ಸೇರಿದ್ದು.

ಮೊದಲು ವಸ್ತುಸ್ಥಿತಿಯನ್ನು ನೋಡತಕ್ಕದ್ದು. ಮಕ್ಕಳು ಹಾಡು ಕಟ್ಟಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಮಳೆ ತಡವಾದಾಗ ಮಕ್ಕಳು ಗುರ್ಜಿ ಹೊರುವ ರೂಢಿ ಹಿಂದಿನಿಂದ ಬಂದುದು. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು, ಗರಿಕೆ ಸಿಕ್ಕಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸಿ, ಮಿಕ್ಕವರು ಸುತ್ತ ನಿಂತು ಮಳೆಯನ್ನು ಕರೆಯುತ್ತ ಮನೆಮನೆಗೆ ಹೋಗುತ್ತಾರೆ. ಮನೆಯಾಕೆ ತಂಬಿಗೆ ನೀರು ಸುರಿದು, ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ನೀಡುತ್ತಾಳೆ. ಆ ಆಚಾರದ ಫಲಾಫಲ ಹೇಗಾದರೂ ಇರಲಿ. ಹಾಡಿನ ದೃಷ್ಟಿಯಿಂದ ಅದು ಮಕ್ಕಳದೇ ಮೇಳ. ಧಾಟಿ ಹಳೆಯದು, ನಡುವೆ ಸೇರುವ ಹೊಸ ಮಾತು ಆಯಾ ಓಣಿಯ ಮಕ್ಕಳದು. ಹಂತಿಯ ಪದ, ಭಜನೆಯ ಪದ, ಮೊಹರಮ್ಮಿನ ಪದಗಳನ್ನು ಕಿವಿತುಂಬ ಕೇಳಿ ಬೆಳೆದ ಮಗುವಿನ ನಾಲಗೆಯಲ್ಲಿ ಧಾಟಿ ಸಿದ್ಧವಾಗಿಯೇ ಇರುತ್ತದೆ.

ಇದೇ ಮಕ್ಕಳು ಶಾಲೆಯಲ್ಲಿ ಕೂಡಿ ಹಾಡು ಕಟ್ಟುವ ಬಗೆಯೂ ಗಮನಾರ್ಹವಾದುದು. ಒಬ್ಬನು ಬೆಂಚಿನ ಮೇಲೆ ಬೆರಳಿನಿಂದ ತಾಳ ಹಿಡಿಯುತ್ತಾನೆ. ಒಬ್ಬಳು ತನಗೆ ಗೊತ್ತಿರುವ ಭಜನೆಯ ಧಾಟಿಯನ್ನು ಗುನುಗುತ್ತಾಳೆ. ಮತ್ತೊಬ್ಬರು ಒಂದು ಮಾತು ಹೇಳುತ್ತಾರೆ. ಮಾತು ತಾಳಕ್ಕೆ ಕೂಡದಿದ್ದರೆ ಎಲ್ಲರೂ ನಗುತ್ತಾರೆ. ಒಂದಕ್ಷರ ಬಿಟ್ಟು ಮತ್ತೆ ಹಾಡಿ ನೋಡುತ್ತಾರೆ. ಕೂಡಿದ ಸಾಲು ಪಲ್ಲವಿಯಾಗಿ ನಿಲ್ಲುತ್ತದೆ, ಕೂಡದ ಸಾಲು ಬಿದ್ದುಹೋಗುತ್ತದೆ. ಈ ಹೊತ್ತಿನಲ್ಲಿ ಅವರು ಕಲಿಯುವುದು ಹಾಡನ್ನು ಮಾತ್ರವಲ್ಲ. ತನ್ನ ಸಾಲನ್ನು ಇತರರು ಬಿಟ್ಟಾಗ ಸಹಿಸುವುದನ್ನೂ, ಇತರರ ಸಾಲು ಮೇಲಾದಾಗ ಒಪ್ಪುವುದನ್ನೂ ಕಲಿಯುತ್ತಾರೆ. ಅನುಭವಗೋಷ್ಠಿಯ ಮೊದಲ ಪಾಠ ಇದಲ್ಲದೆ ಬೇರೆ ಯಾವುದು?

ಈಗ ಮೊದಲನೆಯ ಸಂದೇಹ. ಶಾಸ್ತ್ರವಿಲ್ಲದ ಸಂಗೀತ ಸಂಗೀತವೆ? ಶಾಸ್ತ್ರ ಬೇಕು, ಸಂದೇಹವಿಲ್ಲ. ಆದರೆ ಶಾಸ್ತ್ರವೇ ಹೇಳುವುದೇನು? ಹಿಂದೂಸ್ತಾನಿ ಪದ್ಧತಿಯಲ್ಲಿ ಶಿಷ್ಯನು ಹಲವು ವರ್ಷ ಗುರು ಹೇಳಿದ ಸ್ವರವನ್ನೇ ತಿದ್ದುತ್ತಾನೆ. ಆದರೂ ಗುರುವಿನ ಹಾಡನ್ನು ಅಕ್ಷರಶಃ ಒಪ್ಪಿಸುವವನನ್ನು ಯಾರೂ ಗವಾಯಿ ಎನ್ನರು. ರಾಗದ ಮೇರೆಯೊಳಗೆ ತನ್ನ ಮನೋಧರ್ಮದಿಂದ ಅಂದಂದಿಗೆ ಹೊಸದಾಗಿ ಬೆಳೆಸಿದಾಗಲೇ ಗಾನ. ಮಲ್ಲಿಕಾರ್ಜುನ ಮನಸೂರರು (1910–1992) ಇದಕ್ಕೆ ಕನ್ನಡನಾಡಿನ ದೊಡ್ಡ ನಿದರ್ಶನ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಅವರೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಬಡ ಮಕ್ಕಳಿಗೂ ಅನ್ನವಿಕ್ಕಿ ವಿದ್ಯೆ ಕೊಟ್ಟರು. ಯಾರಿಂದ ಏನೂ ಆಗದೆಂದು ಲೋಕ ಕೈಬಿಟ್ಟಿತ್ತೋ ಆ ಮಕ್ಕಳ ಕಂಠದಿಂದ ನಾಡು ತುಂಬ ಗಾನ ಹರಿಯಿತು. ಶಾಸ್ತ್ರವು ಮಗುವಿನ ಧ್ವನಿಯನ್ನು ಅಡಗಿಸುವುದಕ್ಕಲ್ಲ, ಅದನ್ನು ಹೊರತರುವುದಕ್ಕಾಗಿ ಇರತಕ್ಕದ್ದು ಎಂಬುದಕ್ಕೆ ಬೇರೆ ಪ್ರಮಾಣ ಬೇಡ.

ಪರದೇಶಗಳಲ್ಲಿಯೂ ಈ ವಿಚಾರ ನಡೆದಿದೆ. ಜರ್ಮನಿಯ ಕಾರ್ಲ್ ಓರ್ಫ್ ಎಂಬ ಸಂಗೀತಗಾರನು 1950ರಿಂದ 1954ರವರೆಗೆ ಮಕ್ಕಳ ಸಂಗೀತವನ್ನು ಕುರಿತು ಐದು ಸಂಪುಟಗಳನ್ನು ಪ್ರಕಟಿಸಿದನು. ಮಾತಿನ ಲಯ, ಚಪ್ಪಾಳೆ, ಹೆಜ್ಜೆ, ಸಣ್ಣ ತಾಳವಾದ್ಯಗಳು, ಇವುಗಳಿಂದ ಹೊರಟು ಮಕ್ಕಳು ತಾವೇ ರಚಿಸುವುದು ಅವನ ಮಾರ್ಗ. ಇಂಗ್ಲೆಂಡಿನಲ್ಲಿ 1988ರಲ್ಲಿ ಮೊದಲಾದ ಪ್ರೌಢಶಾಲಾ ಪರೀಕ್ಷೆಯ ಸಂಗೀತ ವಿಷಯದಲ್ಲಿ ಹಾಡುವುದು-ನುಡಿಸುವುದು, ಕೇಳುವುದು ಇವೆರಡರೊಡನೆ ಸ್ವಂತ ರಚನೆಗೂ ಸ್ಥಾನ ದೊರೆಯಿತು. ಆ ದೇಶಗಳ ಪದ್ಧತಿಯನ್ನು ಇಲ್ಲಿಗೆ ತಂದು ನೆಡಬೇಕೆಂದು ಇದರರ್ಥವಲ್ಲ. ಗುರ್ಜಿಯ ಮೇಳ ಬಲ್ಲ ಊರುಗಳಿಗೆ ಈ ಮಾರ್ಗ ಹೊಸದೇನೂ ಅಲ್ಲ. ಶಾಲೆಯು ಅದನ್ನು ತನ್ನ ಬಾಗಿಲೊಳಗೆ ಬರಮಾಡಿಕೊಂಡಿಲ್ಲವಷ್ಟೆ.

ಎರಡನೆಯ ಸಂದೇಹಕ್ಕೆ ಶರಣರ ಚರಿತ್ರೆಯೇ ಉತ್ತರ. ಹನ್ನೆರಡನೆಯ ಶತಮಾನದಲ್ಲಿ ವೇದಾಗಮಗಳೇನು ಕಡಿಮೆ ಇದ್ದುವೆ? ಇದ್ದರೂ ಶರಣರು ಕೇವಲ ಹಿಂದಿನವರ ನುಡಿಯನ್ನು ಒಪ್ಪಿಸುತ್ತ ಕೂಡಲಿಲ್ಲ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಇವರೆಲ್ಲ ತಮ್ಮ ತಮ್ಮ ಕಾಯಕದ ನಡುವೆ ತಮ್ಮದೇ ಮಾತಿನಲ್ಲಿ ನುಡಿದರು. ಸುರಪುರ ಸೀಮೆಯ ಮುದನೂರು ದಾಸಿಮಯ್ಯನವರ ಊರೆಂದು ಪರಂಪರೆ ಹೇಳುತ್ತದೆ; ಅವರ ಕೈಯಲ್ಲಿದ್ದುದು ಮಗ್ಗದ ಲಾಳಿ. ಛಂದಸ್ಸಿನ ಲೆಕ್ಕವೂ ತಾಳದ ಅಳತೆಯೂ ತಮಗೆ ತಿಳಿಯದೆಂದು ಬಸವಣ್ಣನವರು ಸಂಕೋಚವಿಲ್ಲದೆ ಹೇಳಿಕೊಂಡರು. ತಾವು ಒಲಿದಂತೆ ಹಾಡುವೆವೆಂದರು. ಲಾಳಿ ಹಿಡಿದವನು, ಅಕ್ಕಿ ಆಯ್ದವಳು ತಮ್ಮ ನುಡಿಯನ್ನು ತಾವೇ ನುಡಿಯಬಹುದೆಂದು ಸಾರಿದ ಧರ್ಮವು ಆರನೆಯ ತರಗತಿಯ ಬಾಲಕಿಗೆ 'ನೀನು ಬರೀ ಒಪ್ಪಿಸು' ಎಂದು ಹೇಳಲಾರದು. ಮಗುವಿನ ಹಾಡು ವಚನಕ್ಕೆ ಸಮವಲ್ಲ, ನಿಜ. ಆದರೆ ತನ್ನ ಅನುಭವಕ್ಕೆ ತಕ್ಕ ಮಾತನ್ನು ಹುಡುಕಿ ಒಮ್ಮೆ ಬೆವರಿದ ಮಗುವಿಗೆ ಮಾತ್ರ ಶರಣರ ನುಡಿಯ ಬೆಲೆ ತಿಳಿಯುತ್ತದೆ. ಒಂದು ಸಾಲು ಕಟ್ಟಿ ನೋಡಿದವನು ಭಂಡಾರದ ಬಾಗಿಲನ್ನು ತಾನಾಗಿಯೇ ತಟ್ಟುತ್ತಾನೆ.

ಉಳಿದುದು ಅಹಂಕಾರದ ಪ್ರಶ್ನೆ. ಇದನ್ನು ಶರಣರು ಬಿಡಿಸಿದ ಬಗೆ ಅದ್ಭುತವಾದುದು. ಅವರು ಅಹಂಕಾರಕ್ಕೆ ಹೆದರಿ ರಚನೆಯನ್ನೇ ಬಿಡಲಿಲ್ಲ, ರಚಿಸಿ ಅಂಕಿತವಿಟ್ಟರು. ಬಸವಣ್ಣನವರ ವಚನಕ್ಕೆ ಕೂಡಲಸಂಗಮದೇವ, ಅಕ್ಕಮಹಾದೇವಿಯ ವಚನಕ್ಕೆ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನವರ ವಚನಕ್ಕೆ ರಾಮನಾಥ. ನುಡಿ ನನ್ನ ಬಾಯಿಂದ ಬಂದಿತು, ಒಡೆತನ ನನ್ನದಲ್ಲ ಎಂಬುದು ಇದರ ತಾತ್ಪರ್ಯ. ತಮ್ಮ ಶರೀರವೇ ವಾದ್ಯವಾಗಲಿ, ನುಡಿಸುವವನು ದೇವನಾಗಲಿ ಎಂದು ಬಸವಣ್ಣನವರು ಬೇಡಿದುದೂ ಇದೇ ಅರ್ಥದಲ್ಲಿ.

ಇಲ್ಲಿ ಒಂದು ಪ್ರತಿಪ್ರಶ್ನೆ ಏಳಬಹುದು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರಲ್ಲ, ಅದು ಅಹಂಕಾರವೆ? ಅಲ್ಲ. ಅವರ ನುಡಿ ಕಟುವಾದುದು. ಡಾಂಭಿಕರನ್ನು ಮುಖಾಮುಖಿ ಜರೆದ ನುಡಿ. ಅಂತಹ ಮಾತನ್ನಾಡಿ ದೇವರ ಹೆಸರಿನ ಮರೆಯಲ್ಲಿ ನಿಲ್ಲದೆ, ಹೇಳಿದವನು ನಾನೇ ಎಂದು ಎದುರಿಗೆ ನಿಂತರು. ಆದುದರಿಂದ ಅಂಕಿತಕ್ಕೆ ಎರಡು ಮುಖ. ಕೀರ್ತಿ ಬರುವಲ್ಲಿ ಹಿಂದೆ ಸರಿಯುವುದು ಒಂದು. ಹೊಣೆ ಬರುವಲ್ಲಿ ಮುಂದೆ ನಿಲ್ಲುವುದು ಇನ್ನೊಂದು. ಹಾಡು ಕಟ್ಟಿದ ಮಗುವಿಗೆ ಕಲಿಸಬೇಕಾದುದು ಈ ಎರಡನ್ನೂ. 'ಈ ಮಾತು ನಾನು ಹಾಕಿದ್ದು, ತಪ್ಪಿದ್ದರೆ ತಿದ್ದುವೆ' ಎನ್ನುವುದು ಅಹಂಕಾರವಲ್ಲ, ಪ್ರಾಮಾಣಿಕತೆ. 'ಮೆಚ್ಚಿಕೆ ನನಗೊಬ್ಬನಿಗೇ ಬೇಕು' ಎನ್ನುವುದು ಅಹಂಕಾರ. ಐವರು ಕೂಡಿ ಕಟ್ಟಿದ ಹಾಡು ಸಭೆಯ ಕಿವಿಗೆ ಬಿದ್ದ ಮೇಲೆ ಸಭೆಯದು. ಮರುದಿನ ಬೇರೊಂದು ತರಗತಿಯ ಮಕ್ಕಳು ಅದಕ್ಕೆ ಮತ್ತೊಂದು ನುಡಿ ಸೇರಿಸಿ ಹಾಡಿದರೆ, ಕಟ್ಟಿದವರು ಅಸೂಯೆಪಡದೆ ಸಂತೋಷಪಟ್ಟರೆ, ಅದೇ ದಾಸೋಹ. ಅನ್ನದಲ್ಲಿ ಮಾತ್ರ ದಾಸೋಹವುಂಟೆಂದು ತಿಳಿಯಬಾರದು.

ಹಾಗಾದರೆ ಅಹಂಕಾರದ ಅಪಾಯ ನಿಜವಾಗಿ ಇರುವುದೆಲ್ಲಿ? ಸೂಕ್ಷ್ಮವಾಗಿ ನೋಡಿದರೆ ಅದು ಹಿರಿಯರಲ್ಲಿಯೇ ಹೆಚ್ಚು. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳು ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ನಡೆಯುತ್ತವೆ. ಅವುಗಳಿಂದ ಅನೇಕ ಮಕ್ಕಳು ಮೊದಲ ಬಾರಿ ವೇದಿಕೆ ಕಾಣುತ್ತಾರೆ. ಒಳ್ಳೆಯದೇ. ಆದರೆ ಬಹುಮಾನದ ಆಸೆಯಿಂದ ಪಾಲಕರೋ ಶಿಕ್ಷಕರೋ ತಾವೇ ಬರೆದುಕೊಟ್ಟು 'ನೀನೇ ಬರೆದೆನೆಂದು ಹೇಳು' ಎಂದು ಮಗುವಿಗೆ ಎಲ್ಲಿಯಾದರೂ ಹೇಳಿಕೊಟ್ಟರೆ, ಅಲ್ಲಿ ಕಲಿಸಿದ್ದು ಹಾಡನ್ನಲ್ಲ, ಸುಳ್ಳನ್ನು. ನುಡಿಯೂ ನಡೆಯೂ ಒಂದಾಗಬೇಕೆಂಬುದು ಶರಣಧರ್ಮದ ತಳಹದಿ. ಬಾಲ್ಯದಲ್ಲಿ ಒಂದು ಚಪ್ಪಾಳೆಗಾಗಿ ನುಡಿ-ನಡೆಗಳನ್ನು ಬೇರ್ಪಡಿಸಿದ ಮಗು ಮುಂದೆ ದೊಡ್ಡ ಲಾಭಕ್ಕಾಗಿ ಅವನ್ನು ಒಂದುಗೂಡಿಸೀತೆಂದು ನಂಬುವುದು ಹೇಗೆ?

ಇನ್ನೊಂದು ಅಪಾಯ ತಿದ್ದುವುದರಲ್ಲಿದೆ. ಒಂದು ಉದಾಹರಣೆಯನ್ನು ಭಾವಿಸಬಹುದು. ಶಹಾಪುರದ ಕಡೆಯ ಒಂದು ಹಳ್ಳಿಯ ಶಾಲೆ. ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋದ ತಂದೆಯನ್ನು ಕುರಿತು ನಾಲ್ವರು ಬಾಲಕಿಯರು ಹಾಡು ಕಟ್ಟಿದ್ದಾರೆ. 'ಬಸ್ಸು ಬಂತು, ಅಪ್ಪ ಬರಲಿಲ್ಲ' ಎಂಬುದು ಅದರ ಪಲ್ಲವಿ. ಶಿಕ್ಷಕರು ಸದ್ಭಾವದಿಂದಲೇ ಅದನ್ನು 'ಜನಕನು ಪರಸ್ಥಳದಿಂದ ಮರಳಿ ಬಾರನೇತಕೆ' ಎಂದು ತಿದ್ದುತ್ತಾರೆ. ವ್ಯಾಕರಣ ನಿಂತಿತು, ಅಪ್ಪ ಹೋದ. ಆ ಬಾಲಕಿಯರು ಸಭೆಯಲ್ಲಿ ಆ ಸಾಲನ್ನು ಹಾಡಬಲ್ಲರು; ಆದರೆ ಅದು ಅವರದಲ್ಲವೆಂದು ಅವರಿಗೆ ಗೊತ್ತು. ಅಷ್ಟೇ ಅಲ್ಲ, ತಮ್ಮ ಮನೆಯ ಮಾತು ಸಭೆಗೆ ತಕ್ಕುದಲ್ಲವೆಂಬ ಪಾಠವೂ ಅವರ ಮನಸ್ಸಿನಲ್ಲಿ ನಿಂತಿತು. ಶರಣರು ಸಂಸ್ಕೃತವನ್ನು ಬಲ್ಲವರಿದ್ದೂ ಆಡುಮಾತನ್ನು ಆರಿಸಿಕೊಂಡುದು ಈ ಕೀಳರಿಮೆಯನ್ನು ನಿವಾರಿಸುವುದಕ್ಕಾಗಿ ಅಲ್ಲವೆ? ತಾಳ ತಪ್ಪಿದರೆ ತಿದ್ದಲಿ; ಶ್ರುತಿ ಇಳಿದರೆ ತೋರಿಸಲಿ; ಪರರನ್ನು ನೋಯಿಸುವ ಮಾತಿದ್ದರೆ ತಡೆಯಲಿ. ಮಗುವಿನ ಅನುಭವವನ್ನು ಮಾತ್ರ ತಿದ್ದದಿರಲಿ. ಏಕೆಂದರೆ ಅಲ್ಲಿ ಗುರುವಿಗಿಂತ ಶಿಷ್ಯನೇ ಬಲ್ಲವನು.

ಈ ವಿಚಾರ ಯಾದಗಿರಿಯ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. 2011ರ ಜನಗಣತಿಯಂತೆ ಈ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 51.83, ರಾಜ್ಯದ ಅಂದಿನ ಎಲ್ಲ ಜಿಲ್ಲೆಗಳಲ್ಲಿ ಅದೇ ಕಡಿಮೆ. ಇಂತಹ ಅಂಕೆಗಳನ್ನು ಕೇಳಿ ಕೇಳಿ, ಈ ಮಕ್ಕಳಿಗೆ ಕೊಡತಕ್ಕದ್ದು ಮಾತ್ರ ಇದೆ, ಅವರಿಂದ ಪಡೆಯತಕ್ಕದ್ದೇನೂ ಇಲ್ಲ ಎಂದು ಹಿರಿಯರು ಭಾವಿಸುವುದುಂಟು. ಮಗುವೂ ಹಾಗೆಯೇ ನಂಬಿದರೆ ಅದಕ್ಕಿಂತ ದೊಡ್ಡ ಬಡತನ ಬೇರಿಲ್ಲ. ಓದು-ಬರಹದಲ್ಲಿ ಹಿಂದುಳಿದ ಬಾಲಕನು ತಾಳದಲ್ಲಿ ಮುಂದಿರಬಹುದು. ತರಗತಿಯಲ್ಲಿ ಬಾಯಿ ಬಿಡದ ಬಾಲಕಿ ಅಜ್ಜಿಯಿಂದ ಕಲಿತ ಧಾಟಿಯನ್ನು ತಂದು ಕೊಟ್ಟಾಗ ಇಡೀ ತರಗತಿ ಅವಳ ಹಿಂದೆ ಹಾಡೀತು. ತಾನೂ ಕೊಡಬಲ್ಲೆನೆಂದು ಆ ದಿನ ಅವಳಿಗೆ ತಿಳಿಯುತ್ತದೆ. ಕೊಡಬಲ್ಲೆನೆಂಬ ಅರಿವು ಇಲ್ಲದವರಿಗೆ ದಾಸೋಹವನ್ನು ಬೋಧಿಸಿ ಫಲವೇನು?

ಆದುದರಿಂದ ಗೃಹಸ್ಥ ಭಕ್ತರು ಮಾಡತಕ್ಕದ್ದು ಕಷ್ಟವಾದುದೇನೂ ಅಲ್ಲ. ಮನೆಯಲ್ಲಿ ಮಗು ಏನನ್ನಾದರೂ ಗುನುಗುತ್ತ ತಾಟು ಬಡಿಯುತ್ತಿದ್ದರೆ ಗದರುವ ಮೊದಲು ಒಂದು ಗಳಿಗೆ ಕೇಳಬೇಕು. ಶಾಲೆಯ ಸಮಾರಂಭದಲ್ಲಿ ಮಕ್ಕಳು ತಮ್ಮ ಹಾಡನ್ನು ಹಾಡುವಾಗ ಪಕ್ಕದವರೊಡನೆ ಮಾತಿಗೆ ತೊಡಗದೆ ಕೇಳಬೇಕು. ಹಾಡಿದ ಮೇಲೆ 'ಬಹುಮಾನ ಬಂತೆ?' ಎಂದು ಕೇಳುವುದಕ್ಕೆ ಬದಲಾಗಿ 'ಈ ಮಾತು ಎಲ್ಲಿಂದ ಬಂತು, ಮಗಳೆ?' ಎಂದು ಕೇಳಬೇಕು. ಗುರುವಿನಲ್ಲಿ ಶಿಷ್ಯನು ಕೇಳುವುದು ಧರ್ಮ. ಕಿರಿಯರ ಮಾತಿಗೆ ಹಿರಿಯರು ಕಿವಿಗೊಡುವುದೂ ಧರ್ಮವೇ. ಹಾಡಿಗೆ ಒಡೆಯನು ದೇವನಾದರೆ, ಆತನು ಯಾರ ಬಾಯಿಂದ ನುಡಿಸಬೇಕೆಂಬುದನ್ನು ಗೊತ್ತುಮಾಡುವವರು ಹಿರಿಯರಲ್ಲ.