ಗೃಹದಾಸೋಹ

ದಾಸೋಹವೆಂದೊಡನೆ ಗೃಹಸ್ಥ ಭಕ್ತರ ಮನಸ್ಸಿಗೆ ಮೊದಲು ತೋರುವುದು ಅನ್ನ. ಜಾತ್ರೆಯ ಪಂಕ್ತಿ, ಮಠದ ಪ್ರಸಾದನಿಲಯ, ಜಂಗಮತೃಪ್ತಿ, ಇವೇ ಆ ಶಬ್ದದ ಬೆನ್ನಿಗೆ ಕಣ್ಮುಂದೆ ಬರುತ್ತವೆ. ಅದು ಸಹಜವೂ ಹೌದು, ಶ್ಲಾಘ್ಯವೂ ಹೌದು. ಆದರೆ ಪಂಕ್ತಿಯಿಂದ ಎದ್ದುಹೋದವನು ಆ ಇರುಳು ಎಲ್ಲಿ ಮಲಗುವನೆಂದು ವಿಚಾರಿಸಿದವರು ಎಷ್ಟು ಮಂದಿ? ಅನ್ನವು ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ. ನೆಲೆಯಿಲ್ಲದ ಸಂಸಾರಕ್ಕೆ ನಾಳೆ ಒಲೆ ಹೂಡುವುದಕ್ಕೂ ಸ್ಥಳವಿರುವುದಿಲ್ಲ. ಮಗುವಿನ ತೊಟ್ಟಿಲು ಕಟ್ಟಲು ಒಂದು ತೊಲೆಯಿರುವುದಿಲ್ಲ. ಲಿಂಗಪೂಜೆಗೆ ಕುಳಿತುಕೊಳ್ಳಲು ಒಂದು ಮೂಲೆಯಿರುವುದಿಲ್ಲ.

ಬಸವಣ್ಣನವರು ಬಡವನ ದೇಹವನ್ನೇ ದೇವಾಲಯವಾಗಿ ಕಂಡರೆಂಬುದು ಸರ್ವರಿಗೂ ವಿದಿತವೇ ಇದೆ. ಇದರ ಅರ್ಥವನ್ನು ತಲೆಕೆಳಗು ಮಾಡಿ, ದೇಹವೇ ಗುಡಿಯಾದ ಮೇಲೆ ಬಡವನಿಗೆ ಬೇರೊಂದು ಮನೆಯೇಕೆ ಎಂಬಂತೆ ನಡೆದುಕೊಳ್ಳುವವರೂ ಇದ್ದಾರೆ. ತಾತ್ಪರ್ಯವು ಅದಲ್ಲ. ದೇಹವು ದೇವಾಲಯವೆಂದ ಬಳಿಕ ಅದು ಮಳೆಯಲ್ಲಿ ನೆನೆಯುತ್ತ, ಚಳಿಯಲ್ಲಿ ನಡುಗುತ್ತ ರಸ್ತೆಯ ಅಂಚಿನಲ್ಲಿ ಬಿದ್ದಿರುವುದು ಭಕ್ತನಾದವನಿಗೆ ಸಹ್ಯವಾಗಲಾರದು. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿಯನ್ನು ಮನೆಯಿಲ್ಲದವರ ಎಣಿಕೆಗಾಗಿಯೇ ಇರಿಸಿದ್ದರು. ಸೇತುವೆಯ ಕೆಳಗೆ, ಗುಡಿಯ ಜಗುಲಿಯ ಮೇಲೆ, ರೈಲು ನಿಲ್ದಾಣದ ಮಗ್ಗುಲಲ್ಲಿ ಮಲಗಿದ್ದವರನ್ನು ಎಣಿಸಿದಾಗ ಭಾರತದಲ್ಲಿ ಅಂಥವರ ಸಂಖ್ಯೆ ಸುಮಾರು 17.7 ಲಕ್ಷವಾಯಿತು. ಆ ರಾತ್ರಿ ಎಣಿಕೆದಾರನ ಕಣ್ಣಿಗೆ ಬೀಳದವರು ಲೆಕ್ಕಕ್ಕೂ ಬರಲಿಲ್ಲ.

ಇಂಥವರಿಗೆ ರಾತ್ರಿಯ ತಂಗುದಾಣ ಬೇಕು, ಚಳಿಗೆ ಕಂಬಳಿ ಬೇಕು, ನಿಜ. ಆದರೆ ತಂಗುದಾಣವು ಮನೆಯಲ್ಲ. ಬೆಳಗಾದೊಡನೆ ಎದ್ದು ಹೊರಡಬೇಕಾದ ಸ್ಥಳದಲ್ಲಿ ಸಂಸಾರವು ಬೇರೂರುವುದಿಲ್ಲ. ಸ್ಥಿರವಾದ ಮನೆಗಾಗಿ ಸರಕಾರವು ಮಾಡಿರುವ ವ್ಯವಸ್ಥೆ ಅಲ್ಪವೇನೂ ಅಲ್ಲ. ಕರ್ನಾಟಕದಲ್ಲಿ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ಅದು ನಡೆಸುವ ಯೋಜನೆಗಳಲ್ಲೊಂದಕ್ಕೆ ಬಸವಣ್ಣನವರ ಹೆಸರನ್ನೇ ಇಟ್ಟಿದ್ದಾರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಅಡುಗೆಯ ಸ್ಥಳವೂ ಸೇರಿ ಮನೆಯು 25 ಚದರ ಮೀಟರಿಗೆ ಕಡಿಮೆಯಿರಬಾರದೆಂದು ವಿಧಿಸಿ, ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿಗಳ ನೆರವನ್ನು ಗೊತ್ತುಮಾಡಿದರು. ಏನೂ ಮನೆಯಿಲ್ಲದವರು ಮೊದಲು, ಕಚ್ಚಾ ಗೋಡೆಯ ಒಂದು ಕೋಣೆಯುಳ್ಳವರು ಬಳಿಕ, ಎರಡು ಕೋಣೆಯುಳ್ಳವರು ಅವರ ಹಿಂದೆ ಎಂಬುದು ಅಲ್ಲಿಯ ಕ್ರಮ. ಕಾಗದದ ಮೇಲೆ ಈ ಕ್ರಮದಲ್ಲಿ ದೋಷವನ್ನು ಹುಡುಕುವುದು ಕಷ್ಟ.

ದೋಷವು ಹುಟ್ಟುವುದು ಊರಿನಲ್ಲಿಯೇ. ಪಟ್ಟಿಯನ್ನು ಓದಿ ಒಪ್ಪಬೇಕಾದುದು ಗ್ರಾಮಸಭೆ, ಮತ್ತು ಗ್ರಾಮಸಭೆಯೆಂದರೆ ಊರಿನ ಗೃಹಸ್ಥರೇ. ಸಭೆಗೆ ಬರುವವರು ಯಾರು? ಮನೆಯುಳ್ಳವರು, ಮಾತುಬಲ್ಲವರು, ಬೆನ್ನಿಗೆ ನಾಲ್ಕು ಜನರಿರುವವರು. ಕೆರೆಯ ಏರಿಯ ಮೇಲೆ ತಾಡಪಾಲಿನ ಕೆಳಗಿರುವ ಕಲ್ಲುಕುಟಿಗನಿಗೆ ಸಭೆಯ ದಿನವೇ ತಿಳಿದಿರುವುದಿಲ್ಲ; ತಿಳಿದರೂ ಅಂದಿನ ಕೂಲಿಯನ್ನು ಬಿಟ್ಟು ಬರಲಾರನು. ಹೀಗಿರುವಲ್ಲಿ ಹೊಲ ಮನೆಗಳುಳ್ಳವನ ಮಗನು ಬೇರೆಯಾದನೆಂದು ಒಂದು ಹೆಸರು, ಮುಖಂಡನ ಅಳಿಯನದೊಂದು ಹೆಸರು ಪಟ್ಟಿಯಲ್ಲಿ ಸೇರುತ್ತವೆ. ಸಭೆಯಲ್ಲಿ ಕುಳಿತ ಭಕ್ತನಿಗೆ ಇದೆಲ್ಲವೂ ಗೊತ್ತು. ಆದರೆ ಆ ಹೆಸರು ತನ್ನ ಬೀಗರದು. ನಾಳೆ ಮದುವೆಯ ಚಪ್ಪರದಲ್ಲಿ ಎದುರಾಗಬೇಕು. ಆದುದರಿಂದ ಸುಮ್ಮನಾಗುತ್ತಾನೆ. ಮುಂಜಾನೆ ವಿಭೂತಿಯನ್ನು ಧರಿಸಿದ ಕೈಯೇ ಮಧ್ಯಾಹ್ನ ಒಪ್ಪಿಗೆಯ ಪುಸ್ತಕದಲ್ಲಿ ರುಜು ಹಾಕುತ್ತದೆ.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಸ್ಮರಿಸುವುದು ಉಚಿತ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಪರೀಕ್ಷೆಗಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಲಾಯಿತು. ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ತಂದರು. ಪತ್ನಿ ಲಕ್ಕಮ್ಮನವರು ಅದನ್ನು ನೋಡಿದೊಡನೆ ಗುರುತಿಸಿದರು. ನಿತ್ಯದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಮನೆಯಲ್ಲಿಡಲು ಒಪ್ಪದೆ, ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯು ಕದ್ದುದಲ್ಲ, ಬೇಡಿದುದೂ ಅಲ್ಲ. ಅಂಗಳದಲ್ಲಿ ಬಿದ್ದುದೇ ಸರಿ. ಆದರೂ ಅದು ಅವರ ಪಾಲಿನದಾಗಿರಲಿಲ್ಲ. ಮನೆಯುಳ್ಳವನು ಪಡೆದುಕೊಂಡ ವಸತಿ ನೆರವು ಇದಕ್ಕಿಂತ ಭಾರವಾದುದು. ಏಕೆಂದರೆ ಮಾರಯ್ಯನವರು ಹೆಚ್ಚು ತಂದುದರಿಂದ ಇನ್ನೊಬ್ಬನ ಒಲೆ ಆರಿರಲಿಲ್ಲ. ಇಲ್ಲಾದರೋ, ಒಂದು ವರ್ಷಕ್ಕೆ ಒಂದು ಊರಿಗೆ ಬರುವ ಮನೆಗಳು ಬೆರಳೆಣಿಕೆಯವು; ಒಂದು ಹೆಸರು ಒಳಗೆ ಬಂದರೆ ಮತ್ತೊಂದು ಹೊರಗೆ ಉಳಿಯಲೇಬೇಕು. ಬಸವಣ್ಣನವರೂ ಬಿಜ್ಜಳನ ಭಂಡಾರವನ್ನು ಕಾಯ್ದವರು. ಸಾರ್ವಜನಿಕರ ಹಣವೆಂದರೇನೆಂಬುದು ಅವರಿಗೆ ಕೇಳಿ ತಿಳಿದ ವಿಷಯವಾಗಿರಲಿಲ್ಲ.

ಇನ್ನು ನಿವೇಶನದ ಮಾತು. ಮನೆ ಮಂಜೂರಾದರೂ ಕಟ್ಟುವುದಕ್ಕೆ ನೆಲ ಬೇಕು. ನಿಜವಾದ ನಿರ್ಗತಿಕನಿಗೆ ಇಲ್ಲದಿರುವುದು ಅದೇ. ಊರಿನ ಸರಕಾರೀ ನೆಲದಲ್ಲಿ ಅರ್ಧ ಎಕರೆಯನ್ನು ನಿವೇಶನಗಳಿಗೆ ತೆಗೆದಿಡಬೇಕೆಂದಾಗ ಸಜ್ಜನರೆನಿಸಿಕೊಂಡವರೇ ಅಡ್ಡ ನಿಲ್ಲುವುದುಂಟು. ಬಡವರಿಗೆ ಮನೆಯಾಗಲಿ, ಆದರೆ ನಮ್ಮ ಓಣಿಯ ಬದಿಗೆ ಬೇಡ ಎನ್ನುತ್ತಾರೆ. ಕಡೆಗೆ ಹಳ್ಳದ ದಂಡೆಯನ್ನೋ, ಊರಿಗೆ ದೂರವಾದ ಕಲ್ಲುಗುಡ್ಡವನ್ನೋ ತೋರಿಸುತ್ತಾರೆ. ದೂರದಲ್ಲಿ ಕಟ್ಟಿದುದರ ಫಲವನ್ನು ಉತ್ತರ ಕರ್ನಾಟಕವು ಕಂಡಿದೆ. 2009ರ ನೆರೆಹಾವಳಿಯ ತರುವಾಯ 'ಆಸರೆ' ಎಂಬ ಯೋಜನೆಯಲ್ಲಿ ಸರಕಾರವೂ ದಾನಿಗಳೂ ಕೂಡಿ ಸಹಸ್ರಾರು ಮನೆಗಳನ್ನು ಕಟ್ಟಿಸಿದರು. ದಾನವು ಉದಾರವಾದುದೇ. ಆದರೆ ಹಲವೆಡೆ ಹೊಲವು ದೂರವಾಯಿತು, ಎತ್ತು ಎಮ್ಮೆಗಳನ್ನು ಕಟ್ಟಲು ಜಾಗವಿರಲಿಲ್ಲ, ಕೂಡುಕುಟುಂಬಕ್ಕೆ ಕೋಣೆಗಳು ಸಾಲಲಿಲ್ಲ. ಜನರು ಹಳೆಯ ಊರಿನಲ್ಲಿಯೇ ಉಳಿದರು. ಹೊಸ ಮನೆಗಳ ಸುತ್ತ ಜಾಲಿ ಬೆಳೆಯಿತು. ವಾಸಿಸುವವರನ್ನು ಕೂಡಿಸಿಕೊಂಡು ಮೊದಲೇ ಕೇಳಿದ್ದರೆ ಇವುಗಳಲ್ಲಿ ಎಷ್ಟೋ ತೊಡಕುಗಳನ್ನು ಅವರೇ ಹೇಳುತ್ತಿದ್ದರು. ಕೊಡುವವನು ಕರ್ತನೆಂದು ಬಗೆದರೆ ಕೇಳುವ ಅಗತ್ಯವೇ ತೋರದು. ದಾಸೋಹದಲ್ಲಿ ಮಾಡುವವನು ದಾಸನಷ್ಟೆ. ಪಡೆಯುವವರನ್ನು ವಿನಯದಿಂದ ವಿಚಾರಿಸದೆ ಅವನ ಕೆಲಸ ಆರಂಭವಾಗುವುದೇ ಇಲ್ಲ.

ಮಂಜೂರಾತಿಯಿಂದಲೇ ಮನೆ ಏಳುವುದಿಲ್ಲವೆಂಬುದನ್ನೂ ಲಕ್ಷ್ಯದಲ್ಲಿಡಬೇಕು. ನೆರವು ಒಮ್ಮೆಗೇ ಕೈಗೆ ಬಾರದು; ಕಟ್ಟಡವು ಏರಿದಂತೆ ಅದನ್ನು ನೋಡಿ ಕಂತುಕಂತಾಗಿ ಬರುತ್ತದೆ. ನಡುವೆ ಸಿಮೆಂಟಿನ ಬೆಲೆ ಏರಿತೆಂದೋ, ಮನೆಯವನು ಜ್ವರದಿಂದ ಮಲಗಿದನೆಂದೋ ಗೋಡೆಯು ಬಾಗಿಲ ಮಟ್ಟಕ್ಕೆ ನಿಂತುಬಿಟ್ಟ ಮನೆಗಳು ಊರೂರಲ್ಲಿ ಇವೆ. ಅಂಥ ಗೋಡೆಯ ಬಳಿ ಒಂದು ಗಾಡಿ ಮರಳನ್ನು ಇಳಿಸುವುದು, ಒಂದು ಸೋಮವಾರ ಓಣಿಯವರೆಲ್ಲ ಕೂಡಿ ಕಲ್ಲು ಹೊರುವುದು, ಓದುಬಾರದ ತಾಯಿಯೊಡನೆ ಪಂಚಾಯತಿ ಕಚೇರಿಗೆ ನಡೆದು ಹಕ್ಕುಪತ್ರದಲ್ಲಿ ಅವಳ ಹೆಸರು ಸರಿಯಾಗಿ ಬರೆಯಲ್ಪಟ್ಟಿದೆಯೇ ಎಂದು ಓದಿಹೇಳುವುದು, ಇವು ಹಣವಿಲ್ಲದ ಭಕ್ತನಿಗೂ ಸಾಧ್ಯವಾದ ಕೆಲಸಗಳು.

ಮುಂದಿನ ಗ್ರಾಮಸಭೆಯ ದಿನವನ್ನು ಪಂಚಾಯತಿಯವರು ಮುಂಚಿತವಾಗಿ ಸಾರುತ್ತಾರೆ. ಕೆರೆಯ ಏರಿಯ ಮೇಲಿನ ಸಂಸಾರಕ್ಕೆ ಅದನ್ನು ತಿಳಿಸಲು ಯಾರಾದರೂ ಅಲ್ಲಿಯವರೆಗೆ ನಡೆದುಹೋಗಬೇಕಾಗುತ್ತದೆ. ಸಭೆಯಂದು ಆ ಕಲ್ಲುಕುಟಿಗನು ಬಂದು ಬಾಗಿಲ ಬಳಿ ನಿಂತರೆ, ಒಳಗೆ ಕರೆದು ಕುಳ್ಳಿರಿಸುವ ಕೆಲಸವೂ ಒಂದಿದೆ.